ಮೊದಲು ನೀರಿಗೆ ಬೀಳಿ, ಆಮೇಲೆ ಗಾಳ ಹಾಕಿ

ಹೋದ ಭಾನುವಾರ ಹುಬ್ಬಳ್ಳಿಯಿಂದ ನಾಲ್ಕು ಹುಡುಗರು ಬಂದಿದ್ದರು. ಕಯಾಕ್ ಅನ್ನುವ, ಹುಟ್ಟು ಹಾಕುವ ಸಣ್ಣ ದೋಣಿಯಲ್ಲಿ ಕೂತು ಮೀನು ಹಿಡಿಯಬೇಕಂತೆ. ಸೊಂಟದ ಮಟ್ಟದ ನೀರಿಗೆ ಕರೆದುಕೊಂಡು ಹೋಗಿ, "ಮೊದಲು ಕಯಾಕ್ ಮಗುಚಿ" ಎಂದೆ. ಒಬ್ಬ ಮುಖ ಸಿಂಡರಿಸಿದ. "ಕಾಕಾ, ನಾವು ಮೀನ ಹಿಡೀಲಿಕ್ಕೆ ಬಂದೀವ್ರಿ, ಈಜು ಕಲೀಲಿಕ್ಕೆ ಅಲ್ಲ."

ನನಗೆ ಸಿಟ್ಟು ಬರಲಿಲ್ಲ. ನಾನೂ ಹಾಗೇ ಇದ್ದವನು.

ನಾನು ಕಾರವಾರದ ಕೋಡಿಬಾಗದವನು. ಎಂಟನೇ ವಯಸ್ಸಿಗೆ ಅಪ್ಪನ ಪಾತಿ ದೋಣಿಯಲ್ಲಿ ಕೂತು ಗಾಳಕ್ಕೆ ಸಿಗಡಿ ಚುಚ್ಚುತ್ತಿದ್ದೆ. ಆಮೇಲೆ ಬೈತಖೋಲ ಬಂದರಿನಿಂದ ಟ್ರಾಲರ್ ಹತ್ತಿದೆ. ಹದಿನೆಂಟು ವರ್ಷ ಬಲೆ ಎಳೆದು ಸೊಂಟ ಹೋಯಿತು. ಆದರೆ ಜೂನ್, ಜುಲೈ ಕಡಲ ಮೀನುಗಾರಿಕೆ ಬಂದ್ ಇದ್ದಾಗಲೂ ಕಾಳಿ ನದಿ ದಡದಲ್ಲಿ ಗಾಳ ಹಿಡಿದು ಕೂರುತ್ತಿದ್ದೆ. ಹೆಂಡತಿ ಅದನ್ನು ಕಾಯಿಲೆ ಅನ್ನುತ್ತಾಳೆ.

ಮೊದಲ ಸಲ ಕಯಾಕ್ ನೋಡಿದಾಗ ನಕ್ಕಿದ್ದೆ. ಪ್ಲಾಸ್ಟಿಕ್ ಪಾತಿ, ಅಷ್ಟೇ ಅಲ್ವಾ? ಆದರೆ ಅದರಲ್ಲಿ ಕೂತು ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ಬೇರಿನ ತನಕ ಹೋದ ದಿನ ನಗು ನಿಂತಿತು. ಇಂಜಿನ್ ಇಲ್ಲ, ಸದ್ದಿಲ್ಲ. ಇಳಿತ ಶುರುವಾದ ಕೂಡಲೇ ಬೇರಿನ ಸಂದಿಯಿಂದ ಸಿಗಡಿ, ಮರಿಮೀನು ನೀರಿನ ಜೊತೆ ಹೊರಗೆ ಬರುತ್ತವೆ. ಕೊಳಜಿ ಮೀನು ಅಲ್ಲೇ ಹೊಂಚು ಹಾಕಿರುತ್ತದೆ. ಮನೆಯಲ್ಲಿ ನಾವು ಅದನ್ನು ಚೊಣಕ್ ಅನ್ನುತ್ತೇವೆ. ದೊಡ್ಡದು ಕಚ್ಚಿದರೆ ಕಯಾಕನ್ನೇ ಎಳೆದುಕೊಂಡು ಹೋಗುತ್ತದೆ. ಆ ಖುಷಿ ಟ್ರಾಲರ್‌ನಲ್ಲಿ ಒಂದು ದಿನವೂ ಸಿಕ್ಕಿರಲಿಲ್ಲ.

ಹಾಂ, ಆ ದೊಡ್ಡದನ್ನು ಬಿಟ್ಟುಬಿಡಿ. ಕೊಳಜಿ ಮೊದಲು ಗಂಡಾಗಿ ಬೆಳೆದು, ದೊಡ್ಡದಾದ ಮೇಲೆ ಹೆಣ್ಣಾಗುವ ಮೀನು. ನೀವು ಫೋಟೋಗೆ ಎತ್ತಿ ಹಿಡಿಯುವುದು ಮೊಟ್ಟೆ ಇಡುವ ತಾಯಿಯನ್ನು. ಜೀವನವಿಡೀ ಅಂಥವನ್ನೇ ಮಾರಿದ ನನಗೆ ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಈಗ ಬೀಳುವ ವಿಷಯ. ನಾಲ್ಕು ವರ್ಷದ ಹಿಂದೆ, ಅಮಾವಾಸ್ಯೆಯ ಮರುದಿನ ಬೆಳಿಗ್ಗೆ, ಸೇತುವೆ ಹತ್ತಿರ ಗಾಳ ಹಾಕಿದ್ದೆ. ಲೈಫ್ ಜಾಕೆಟ್ ಸೀಟಿನ ಹಿಂದೆ ತುರುಕಿದ್ದೆ. ಐವತ್ತು ವರ್ಷದ ಅನುಭವ ನೋಡಿ, ಜಾಕೆಟ್ ಯಾಕೆ? ಮೀನು ಕಚ್ಚಿತು, ಬಾಗಿದೆ, ಮಗುಚಿತು. ಅಮಾವಾಸ್ಯೆ, ಹುಣ್ಣಿಮೆಗೆ ಇಳಿತದ ಎಳೆತ ಜಾಸ್ತಿ. ಬೆಳಗಿನ ಗಾಳಿಯೂ ನೆಲದಿಂದ ಕಡಲ ಕಡೆಗೇ. ನೀರು, ಗಾಳಿ ಎರಡೂ ಒಂದೇ ದಿಕ್ಕಿಗೆ. ಕಯಾಕ್ ಹಿಡಿದುಕೊಂಡೆ, ಆದರೆ ಹತ್ತಲು ಬರಲಿಲ್ಲ. ಮೂತಿಯ ಕಡೆಯಿಂದ ಹತ್ತಲು ನೋಡಿದೆ, ಮತ್ತೆ ಮಗುಚಿತು. ಮೂರು ಸಲ. ಅಳಿವೆಯ ಹತ್ತಿರ ಬಲೆ ಬಿಡಲು ಬಂದ ದೋಣಿಯವರು ಎಳೆದುಕೊಂಡರು. "ನಿಂಗೂ ಹಿಂಗಾಯ್ತಾ?" ಅಂತ ಕೇಳಿದರು ನೋಡಿ, ಅದು ಇನ್ನೂ ಚುಚ್ಚುತ್ತದೆ.

ಹತ್ತುವುದು ಕಷ್ಟವಲ್ಲ, ಯಾರೋ ಒಮ್ಮೆ ತೋರಿಸಬೇಕು. ಕಯಾಕಿನ ನಡುಭಾಗಕ್ಕೆ ಬನ್ನಿ. ಕಾಲು ಬಡಿದು ನೀರಿನ ಮೇಲೆ ಅಡ್ಡ ಮಲಗಿ. ಹೊಟ್ಟೆ ಮೇಲೆ ಕಯಾಕಿಗೆ ಜಾರಿ ಬನ್ನಿ, ಹೊರಳಿ, ಕೂತುಕೊಳ್ಳಿ. ಮೇಲೆ ಕೂರುವ ಕಯಾಕ್‌ಗೆ ನೀರು ತಾನೇ ಹೊರಹೋಗಲು ತೂತುಗಳಿರುತ್ತವೆ, ಮೊಗೆಯುವ ಕೆಲಸವೂ ಇಲ್ಲ. ಆದರೂ ಬಾಡಿಗೆ ಕೊಡುವವರು ಇದನ್ನು ತೋರಿಸುವುದನ್ನು ನಾನು ಕಂಡದ್ದು ಕಡಿಮೆ. ಜಾಕೆಟ್ ಕೊಡುತ್ತಾರೆ, ಬಕಲ್ ಹಾಕಿದರಾ ಅಂತ ನೋಡುವುದಿಲ್ಲ. 2019ರ ಜನವರಿಯಲ್ಲಿ ಕೂರ್ಮಗಡ ದ್ವೀಪದ ಜಾತ್ರೆಯಿಂದ ಬರುವ ದೋಣಿ ಮಗುಚಿ ಎಷ್ಟು ಮನೆಗಳು ಬರಿದಾದವು ಎಂದು ಕಂಡ ಊರು ಇದು. ನಾವೂ ಸುಮ್ನೆ ಕೂತರೆ ಹೇಗೆ?

ಗಿರಾಕಿ ಬೇಸರ ಮಾಡಿಕೊಂಡು ಹೋದರೆ ಹೋಗಲಿ. ಬಿದ್ದು ತಾನೇ ಹತ್ತದವರನ್ನು ನಾನು ನದಿಗೆ ಬಿಡುವುದಿಲ್ಲ.

ಮುಖ ಸಿಂಡರಿಸಿದ ಹುಡುಗ ಐದನೇ ಸಲಕ್ಕೆ ಹತ್ತಿದ. ಕನ್ನಡಕ ಕಾಳಿ ಪಾಲಾಯಿತು. ಮೀನೂ ಸಿಗಲಿಲ್ಲ. ಜೊತೆಯವನಿಗೆ ಅಂಗೈಯಷ್ಟು ಕೆಂಬೇರಿ ಮೀನು ಸಿಕ್ಕಿತು, ಅದನ್ನೂ ಬಿಡಿಸಿದೆ. ಹೊರಡುವಾಗ ಕನ್ನಡಕ ಕಳೆದುಕೊಂಡವನೇ ಮತ್ತೆ ಯಾವಾಗ ಬರಲಿ ಅಂತ ಕೇಳಿದ. ಅಷ್ಟಮಿ ಆಸುಪಾಸು ಬಾ, ನೀರಿನ ಎಳೆತ ಕಡಿಮೆ ಇರುತ್ತದೆ ಎಂದೆ.

"ಅಷ್ಟಮಿ ಅಂದ್ರ ಯಾವ ತಾರೀಖ್ರಿ ಕಾಕಾ?"