ಐವತ್ತು ತುಂಬುವವರೆಗೆ ಗುಜರಿ, ಆಮೇಲೆ ಪರಂಪರೆ

ನಮ್ಮಲ್ಲಿ ಕಾರಿಗೆ ವಯಸ್ಸಾಗುವ ರೀತಿಯೇ ಬೇರೆ. 15 ವರ್ಷ ತುಂಬಿತೋ, ಅದು ಮುದುಕ. ಎಫ್‌ಸಿಗೆ (ಗಾಡಿ ಓಡಲು ಯೋಗ್ಯವೇ ಎಂಬ ಪರೀಕ್ಷೆಗೆ) ನಿಲ್ಲಿಸಿ, ಆರ್‌ಸಿ ಮತ್ತೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ. 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರಲ್ಲಿ 5,000 ಆಯಿತು. 2025ರಲ್ಲಿ, 20 ವರ್ಷ ದಾಟಿದ ಕಾರಿಗೆ 10,000 ಆಯಿತು. ಬೇಸತ್ತು ಗುಜರಿಗೆ ಹಾಕಲಿ ಅನ್ನುವುದೇ ಸರ್ಕಾರದ ಆಸೆ. ಮುಚ್ಚುಮರೆ ಏನಿಲ್ಲ.

ಆದರೆ ಅದೇ ಕಾರು ಹಲ್ಲು ಕಚ್ಚಿಕೊಂಡು 50 ದಾಟಿತು ಅನ್ನಿ. ಸರ್ಕಾರ ಎದ್ದು ಕೈಮುಗಿಯುತ್ತದೆ. ಇದು ಪರಂಪರೆ, ಕಾಪಾಡಬೇಕು ಅನ್ನುತ್ತದೆ. 2021ರ ಕೇಂದ್ರ ನಿಯಮದಲ್ಲಿ ಇಂಥ 'ವಿಂಟೇಜ್' ಗಾಡಿಗೆ 'ವಿಎ' ಅಕ್ಷರದ ಪ್ರತ್ಯೇಕ ನಂಬರೇ ಇದೆ. ಮಧ್ಯದ 35 ವರ್ಷ ಅದು ಯಾರ ಕಣ್ಣಿಗೂ ಬೀಳದೆ ಎಲ್ಲಿ ಅಡಗಿರಬೇಕಿತ್ತು ಅಂತ ಮಾತ್ರ ಯಾರೂ ಬರೆದಿಲ್ಲ.

ಪರಂಪರೆಯಾಗುವುದಕ್ಕೆ ಒಂದು ಷರತ್ತಿದೆ. ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಕೇಳಲು ಚೆನ್ನಾಗಿದೆ. 1972ರ ಅಂಬಾಸಿಡರ್ ಒಂದನ್ನು ನೆನೆಸಿಕೊಳ್ಳಿ. ಮಳೆಗಾಲಕ್ಕೊಮ್ಮೆ ತಳ ತುಕ್ಕು ಹಿಡಿದು, ಟಿಂಕರಿಂಗ್‌ನವರು ತಗಡು ಕತ್ತರಿಸಿ ಬೆಸುಗೆ ಹಾಕಿದ್ದಾರೆ. ಎಂಜಿನ್ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಕೂರಿಸಿದ್ದಾರೆ. ಪೆಟ್ರೋಲ್ ದುಬಾರಿಯಾದ ಕಾಲದಲ್ಲಿ ಎಷ್ಟೋ ಅಂಬಾಸಿಡರ್‌ಗಳಿಗೆ ಡೀಸೆಲ್ ಎಂಜಿನ್ನೇ ಬಂದು ಕೂತಿತು. ಇಷ್ಟು ವರ್ಷ ಏನನ್ನೂ ಬದಲಾಯಿಸದೆ ಇಟ್ಟ ಕಾರು ಯಾವುದಾದರೂ ಇದ್ದರೆ ಅದು ಓಡಿರಲಾರದು. ಓಡಿದ್ದು ಮೂಲ ರೂಪದಲ್ಲಿ ಉಳಿದಿರಲಾರದು.

ಇನ್ನು ಪಾರ್ಟ್ಸ್. ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿ ನಿಂತದ್ದು 2014ರಲ್ಲಿ. ಪ್ರೀಮಿಯರ್ ಪದ್ಮಿನಿ ಕಾರು ಅದಕ್ಕೂ ಎಷ್ಟೋ ಮೊದಲೇ ಹೋಯಿತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಿಂಗ್‌ಪಿನ್ (ಮುಂದಿನ ಚಕ್ರ ಪಕ್ಕಕ್ಕೆ ತಿರುಗುವ ಕೀಲು) ಕೇಳಿದರೆ ಅಂಗಡಿಯವರು ಮೊದಲು ಕಾರಿನ ಹೆಸರು ಕೇಳುತ್ತಾರೆ, ಆಮೇಲೆ ನಮ್ಮ ಮುಖ ನೋಡುತ್ತಾರೆ.

"ಒರಿಜಿನಲ್ ಇದೆಯಾ?"

"ಒರಿಜಿನಲ್ ಮಾಡ್ತಿದ್ದವರೇ ಇಲ್ಲ ಸಾರ್. ಡೂಪ್ಲಿಕೇಟ್ ಇತ್ತು, ಅದೂ ಖಾಲಿ. ಡೂಪ್ಲಿಕೇಟ್‌ದು ಡೂಪ್ಲಿಕೇಟ್ ಇದೆ, ಕೊಡ್ಲಾ?"

ಬೇಡ ಅಂದರೆ ಲೇತ್ ಅಂಗಡಿ ಇದೆ. ಅಲ್ಲಿನ ಮೇಸ್ತ್ರಿ ಸವೆದ ಬುಷ್ಷನ್ನು ಬೆಳಕಿಗೆ ಹಿಡಿದು, ಹಿತ್ತಾಳೆಯ ತುಂಡಿನಲ್ಲಿ ಇನ್ನೊಂದು ತಿರುಗಿಸಿ ಕೊಡುತ್ತಾರೆ. ಈ ದೇಶದ ವಿಂಟೇಜ್ ಕಾರುಗಳನ್ನು ನಿಜಕ್ಕೂ ಕಾಪಾಡುತ್ತಿರುವವರು ಇವರು. ಇವರಿಗೆ ಯಾವ ನಿಯಮದಲ್ಲೂ ಜಾಗ ಇಲ್ಲ, ಬಿಲ್ಲೂ ಇಲ್ಲ. ಅಲ್ಲೂ ಆಗದಿದ್ದರೆ ಶಿವಾಜಿನಗರದ ಗುಜರಿ. ಅಲ್ಲಿ ಸಿಗುವುದು ಬೇರೆ ಯಾರೋ ಶುಲ್ಕಕ್ಕೆ ಹೆದರಿ ಕೊಟ್ಟುಬಿಟ್ಟ ಕಾರಿನ ಪಾರ್ಟು. ಒಂದು ಪರಂಪರೆ ಬದುಕಲು ಇನ್ನೊಂದು 49ನೇ ವರ್ಷದಲ್ಲಿ ಸಾಯಬೇಕು. ವ್ಯವಸ್ಥೆ ಚೆನ್ನಾಗಿದೆ, ಅಲ್ವಾ?

ಸರಿ, ಎಲ್ಲ ದಾಟಿ ನೋಂದಣಿಯೂ ಆಯಿತು ಅನ್ನೋಣ. ಹೊಸ ನೋಂದಣಿಗೆ 20,000 ರೂಪಾಯಿ, ಬಾಳಿಕೆ 10 ವರ್ಷ. ಈಗ ಓಡಿಸಬಹುದಾ? ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ತಾಂತ್ರಿಕ ಸಂಶೋಧನೆಗೆ ಹೋಗಬಹುದು. ಪೆಟ್ರೋಲ್ ಹಾಕಿಸಲು ಮತ್ತು ರಿಪೇರಿಗೆ ಹೋಗಬಹುದು. ಈ ನಿಯಮ ಬರೆದವರ ಮನೆಯಲ್ಲಿ ಖಂಡಿತ ಒಂದು ಹಳೇ ಫಿಯೆಟ್ ಇತ್ತು. ಹಳೇ ಕಾರು ಹೋಗುವುದೇ ಆ ಕೊನೆಯ ಎರಡು ಜಾಗಕ್ಕೆ.

ಅದರಲ್ಲೂ ಒಂದು ಸ್ವಾರಸ್ಯ ಇದೆ. ಬಂಕಿನಲ್ಲಿ ಈಗ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲು. ಹಳೇ ಗಾಡಿಯ ರಬ್ಬರ್ ಪೈಪು, ಗ್ಯಾಸ್ಕೆಟ್, ಕಾರ್ಬುರೇಟರಿನ ಡಯಾಫ್ರಂ ಇವಕ್ಕೆಲ್ಲ ಎಥನಾಲ್ ಆಗಿಬರುವುದಿಲ್ಲ. ಹಾಗಾಗಿ ಅನುಮತಿ ಪಡೆದ ಮೊದಲ ಕೆಲಸಕ್ಕೆ ಬಂಕಿಗೆ ಹೋದರೆ, ಅನುಮತಿ ಪಡೆದ ಎರಡನೇ ಕೆಲಸ ತಾನಾಗಿಯೇ ಹುಟ್ಟುತ್ತದೆ. ಬಂಕಿನಿಂದ ಗ್ಯಾರೇಜಿಗೆ, ಗ್ಯಾರೇಜಿನಿಂದ ಬಂಕಿಗೆ. ಕಾನೂನು ಮುರಿಯುವ ಅವಕಾಶವೇ ಸಿಗುವುದಿಲ್ಲ.

ಭಾನುವಾರ ಬೆಳಿಗ್ಗೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ದೋಸೆ ತಿನ್ನಲು ಹೊರಟವರನ್ನು ಪೊಲೀಸರು ನಿಲ್ಲಿಸಿದರೆ ಏನು ಹೇಳಬೇಕು? ತಾಂತ್ರಿಕ ಸಂಶೋಧನೆ ಅಂದರೆ ನಂಬುವುದು ಕಷ್ಟ. ರಿಪೇರಿಗೆ ಅಂದರೆ ಸಾಕು. ಅಷ್ಟರಲ್ಲಿ ಎಂಜಿನ್ ಆಫ್ ಆಗಿ ಮತ್ತೆ ಹತ್ತದಿದ್ದರೆ ಸಾಕ್ಷಿಯೂ ಸಿಕ್ಕ ಹಾಗೆ. ಆಗ ಇಳಿದು ತಳ್ಳಬಹುದು. ತಳ್ಳುವುದಕ್ಕೆ ಇನ್ನೂ ಶುಲ್ಕ ಹಾಕಿಲ್ಲ.