ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

ಮನೆಯ ಮರಗೆಲಸಕ್ಕೆ ಪಾಲಿಶ್ ಹೊಡೆಯಲು ಗಾಳಿ ತುಂಬುವ ಸಣ್ಣ ಕಂಪ್ರೆಸರ್, ಒಂದು ಸ್ಪ್ರೇ ಗನ್ ಸಾಕು ಎಂದು ನಿಮ್ಮ ಲೇಖನದಲ್ಲಿ ಹೇಳಿದ್ದೀರಿ. ಮಲೆನಾಡಿನ ತೀರ್ಥಹಳ್ಳಿ ಕಡೆಯ ನಮಗೆ ಅದು ಸಾಲದು. ಜುಲೈನಲ್ಲಿ ಕಂಪ್ರೆಸರ್ ಟ್ಯಾಂಕಿನ ಡ್ರೇನ್ ವಾಲ್ವ್ ತಿರುಗಿಸಿದರೆ, ಗಾಳಿಯ ತೇವ ಒಳಗೆ ನೀರಾಗಿ ನಿಂತದ್ದು ತುಕ್ಕುಬಣ್ಣದಲ್ಲಿ ಸುರಿಯುತ್ತದೆ. ನೀರು ಹಿಡಿಯುವ ಫಿಲ್ಟರ್ ಇಲ್ಲದಿದ್ದರೆ ಆ ತೇವವೆಲ್ಲ ಪಾಲಿಶ್ ಮೇಲೆಯೇ ಬೀಳುತ್ತದೆ. ಎಚ್‌ವಿಎಲ್‌ಪಿ (ಹೆಚ್ಚು ಗಾಳಿ, ಕಡಿಮೆ ಒತ್ತಡದ) ಟರ್ಬೈನ್ ಸ್ಪ್ರೇ ಯಂತ್ರಕ್ಕೆ ಟ್ಯಾಂಕೇ ಇಲ್ಲ; ಬೆಚ್ಚನೆಯ ಗಾಳಿ ನೇರವಾಗಿ ಗನ್ನಿಗೆ ಬರುತ್ತದೆ. ಗನ್ನಿನ ತುದಿಯಲ್ಲಿ ಒತ್ತಡ ಹೆಚ್ಚೆಂದರೆ 10 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಮಾತ್ರ, ಆದ್ದರಿಂದ ಬಣ್ಣ ಮಂಜಿನಂತೆ ಹಾರಿ ಪೋಲಾಗುವುದೂ ಕಡಿಮೆ. ನಾನು ಅದನ್ನೇ ಆರಿಸುತ್ತೇನೆ.

ಆದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಎಂಬ ಬೇಗ ಒಣಗುವ ಪಾಲಿಶ್‌ನ ವಿಷಯ ಬೇರೆ. ಜಡಿಮಳೆಯ ದಿನ ಸಾಗುವಾನಿ ಬಾಗಿಲಿಗೆ ಹೊಡೆದಿದ್ದೆ. ಗಾಳಿಯ ತೇವ ಸೇರಿ ನೋಡನೋಡುತ್ತಲೇ ಹಾಲು ಬಳಿದಂತೆ ಬಿಳಿಚಿಕೊಂಡಿತು. ಅದಕ್ಕೆ ಯಾವ ಗನ್ನೂ ಮದ್ದಲ್ಲ. ಒಣಗುವುದನ್ನು ನಿಧಾನಗೊಳಿಸುವ ರಿಟಾರ್ಡರ್ ಥಿನ್ನರ್ ಬೆರೆಸಬೇಕು, ಇಲ್ಲವೇ ಬಿಸಿಲಿಗೆ ಕಾಯಬೇಕು.