ಕಡಲೆಬೇಳೆಯಷ್ಟು ಜಾಗ

ನಮ್ಮ ಮನೆಯ ಪೋರ್ಟಿಕೋ ಗೋಡೆಯಿಂದ ಗೇಟಿನವರೆಗೆ ಸರಿಯಾಗಿ 4 ಮೀಟರ್ ಇದೆ. ಮಾರುತಿ ಸುಜುಕಿ ಬ್ರೆಜಾದ ಉದ್ದ 3995 ಮಿಲಿಮೀಟರ್. ಟೇಪು ಹಿಡಿದು ಈ ಲೆಕ್ಕ ಮಾಡಿದ ದಿನ, ಕಡಲೆಬೇಳೆಯಷ್ಟು ಜಾಗ ಉಳಿಸಿ ಕಾರು ರೂಪಿಸಿದವರು ನಮ್ಮ ಮನೆಯ ನಕ್ಷೆಯನ್ನು ನೋಡಿಯೇ ಇರಬೇಕೆಂದು ನನಗೆ ಅನ್ನಿಸಿತು.

ಅವರು ನೋಡಿದ್ದು ಸರ್ಕಾರದ ಸುಂಕದ ಪಟ್ಟಿಯನ್ನು. ನಾಲ್ಕು ಮೀಟರ್ ಮೀರದ, ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿ ದಾಟದ ಕಾರುಗಳಿಗೆ 2006ರ ಬಜೆಟ್ಟಿನಲ್ಲಿ ಅಬಕಾರಿ ಸುಂಕ ಇಳಿದಂದಿನಿಂದ ನಮ್ಮಲ್ಲಿ ಎಸ್‌ಯುವಿಗಳೂ ಹೊಟ್ಟೆ ಎಳೆದುಕೊಂಡು ನಿಲ್ಲುವುದನ್ನು ಕಲಿತವು. ವೆನ್ಯೂ, ಸೋನೆಟ್‌ಗಳು ಕೂಡ 3995ಕ್ಕೇ ಬಂದು ನಿಂತಿದ್ದವು. 2016ರಲ್ಲಿ 1248 ಸಿಸಿ ಡೀಸೆಲ್ ಎಂಜಿನ್ನಿನೊಂದಿಗೆ ಬಂದ ವಿಟಾರಾ ಬ್ರೆಜಾ ಈ ರಿಯಾಯಿತಿಗೆ ಅರ್ಹವಾಗಿತ್ತು. 2020ರಲ್ಲಿ ಡೀಸೆಲ್ ಹೋಗಿ 1462 ಸಿಸಿ ಪೆಟ್ರೋಲ್ ಬಂದಾಗ ಅರ್ಹತೆಯೂ ಹೋಯಿತು. 2022ರ ಪರಿಷ್ಕರಣೆಯಲ್ಲಿ ಮುಖ ಬದಲಾಯಿತು, ದೀಪಗಳು ತೆಳ್ಳಗಾದವು, ಚಾವಣಿಗೆ ಸನ್‌ರೂಫ್ ಬಂತು, ವಿಟಾರಾ ಎಂಬ ಹೆಸರು ಬಡ್ತಿ ಪಡೆದು ಬಿಡದಿಯಲ್ಲಿ ತಯಾರಾಗುವ ಗ್ರ್ಯಾಂಡ್ ವಿಟಾರಾದ ಪಾಲಾಯಿತು. ಉದ್ದ ಮಾತ್ರ, ಮುಗಿದುಹೋದ ರಿಯಾಯಿತಿಯ ನೆನಪಿನಂತೆ, ಒಂದು ಕೂದಲೆಳೆಯಷ್ಟೂ ಕದಲಲಿಲ್ಲ. ನನಗಂತೂ ಅದೇ ಬೇಕಿತ್ತು.

ಕಾರು ಬಂದ ಸಂಜೆ ಹಿಮ್ಮುಖವಾಗಿ ಒಳಗೆ ಬಿಡತೊಡಗಿದೆ. ಗೋಡೆಗೆ ಇನ್ನೂ ಒಂದು ಗೇಣು ಇರುವಾಗಲೇ ಸೆನ್ಸರ್ ಬಿಡುವಿಲ್ಲದೆ ಕೂಗಿಕೊಂಡಿತು. ಐದು ಮಿಲಿಮೀಟರ್‌ನಲ್ಲಿ ಬಾಳುವೆ ಮಾಡಬೇಕಾದವನಿಗೆ ಒಂದು ಗೇಣೆಂದರೆ ಮೈದಾನ, ಆದ್ದರಿಂದ ನಾನು ಅದಕ್ಕೆ ಕಿವಿಗೊಡಲಿಲ್ಲ. ಕುಕ್ಕರಿನ ಗ್ಯಾಸ್ಕೆಟ್ ಹೋಯಿತೆಂದು ಭಾವಿಸಿ ಮಾವನವರು ಅಡುಗೆಮನೆಗೆ ಓಡಿದರು. ಕೊನೆಗೆ ಬಂಪರ್ ಗೋಡೆಯನ್ನು ಮೆಲ್ಲಗೆ ಮುಟ್ಟಿತು. ಇನ್ನು ಗೇಟು ಹಾಕುವುದಷ್ಟೇ ಬಾಕಿ.

“ರೀ, ಈ ಗೇಟು ಒಳಕ್ಕಲ್ಲವೇ ತೆರೆಯುವುದು?” ಎಂದು ನನ್ನವಳು ಕೇಳಿದಳು.

ಒಳಕ್ಕೆ ತೆರೆದಿದ್ದ ಎರಡು ರೆಕ್ಕೆಗಳ ನಡುವೆ ಕಾರು ಪಲ್ಲಕ್ಕಿಯಂತೆ ಕುಳಿತಿತ್ತು. ಅವುಗಳನ್ನು ಮುಚ್ಚಲು ಎಳೆದರೆ ಬಾನೆಟ್ಟಿನ ಅಂಚು ಅಡ್ಡ ಬರುತ್ತಿತ್ತು. ಹಾಗೂ ಹೀಗೂ ಮುಚ್ಚಿದರೂ ಒಳಗಿನ ಚಿಲಕವೇ ಎರಡು ಇಂಚು ಚಾಚಿಕೊಂಡಿದೆ ಎಂಬುದನ್ನು ಮಾವನವರು ನನ್ನದೇ ಟೇಪಿನಿಂದ ಅಳೆದು ತೋರಿಸಿದರು. ಮೇಲಿನಿಂದ ಇಣುಕಿದಂತೆ ನಾಲ್ಕು ದಿಕ್ಕುಗಳನ್ನೂ ತೋರಿಸುವ 360 ಡಿಗ್ರಿ ಕ್ಯಾಮೆರಾ ಈ ಸಭೆಯನ್ನೆಲ್ಲ ಪರದೆಯ ಮೇಲೆ ಸ್ಪಷ್ಟವಾಗಿ ತೋರಿಸುತ್ತಿತ್ತು.

ಆ ರಾತ್ರಿ ಗೇಟಿನ ಜಾಗದಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನು ಅಡ್ಡ ಕಟ್ಟಿದೆವು. ಬೆಳಿಗ್ಗೆ ಬಂದ ವೆಲ್ಡಿಂಗಿನವನು ಗೇಟನ್ನು ಹೊರಕ್ಕೆ ತಿರುಗಿಸಿ ಕೂರಿಸಲು ಒಪ್ಪಿಕೊಂಡು, ಕಾರನ್ನು ಹಿಂದೆ ಮುಂದೆ ನೋಡಿ, “ಸ್ವಾಮೀ, ಇದಕ್ಕಿಂತ ಸ್ವಲ್ಪ ಗಿಡ್ಡದು ಸಿಗಲಿಲ್ಲವೇ?” ಎಂದ.